ನಲವತ್ತೊಂದನೆಯ ಹನಿ

ಆಸ್ಪತ್ರೆಯಲ್ಲಿ ಅವಳಿಗೆ ಹನಿಯಮ್ಮ ಎಂದೇ ಹೆಸರು. ಆಪರೇಷನ್ ಮಾಡುವಾಗ ಡಾಕ್ಟರು ಕಣ್ಣೊಳಗಿನ ತಿಳಿನೀರನ್ನು ಒಂದೇ ಒಂದು ಹನಿ ತೆಗೆದು ಲ್ಯಾಬಿಗೆ ಕಳಿಸುತ್ತಾರೆ. ಅದನ್ನು ಪುಟ್ಟ ಟ್ಯೂಬಿಗೆ ತುಂಬಿ, ನಂಬರ್ ಅಂಟಿಸಿ, ಫ್ರೀಜರಿನಲ್ಲಿಟ್ಟು ಕಾಯುವುದು ಇವಳ ಕೆಲಸ. ಹದಿನಾಲ್ಕು ವರ್ಷದಿಂದ ಕಾಯುತ್ತಿದ್ದಾಳೆ. ಬಾಗಿಲು ಅರ್ಧ ನಿಮಿಷ ಹೆಚ್ಚು ತೆರೆದಿದ್ದರೆ ದೊಡ್ಡ ಡಾಕ್ಟರನ್ನೂ ಬಿಡದೆ ಗದರುತ್ತಾಳೆ. ಎಲ್ಲರೂ ನಗುತ್ತಾರೆ, ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ವಯಸ್ಸಾದವರ ಕಣ್ಣಿನ ಒಳಪರದೆಯ ನಡುಭಾಗ ಸವೆದು, ನೆಟ್ಟಗಿನ ಗೆರೆಯೂ ಡೊಂಕಾಗಿ ಕಂಡು, ನೋಟ ಹಾಳಾಗುವ ಕಾಯಿಲೆಯೊಂದಿದೆ. ಹನಿಯೊಳಗಿನ ಪ್ರೋಟೀನುಗಳನ್ನು ಅಳೆದು ಅದನ್ನು ಮೊದಲೇ ಹಿಡಿಯಬಹುದೇ ಎಂಬುದು ದೊಡ್ಡ ಡಾಕ್ಟರ ಸಂಶೋಧನೆ. ಹೋಲಿಸಿ ನೋಡಲು ಆ ಕಾಯಿಲೆ ಇಲ್ಲದವರ ಹನಿಯೂ ಬೇಕು. ಎಡಗಣ್ಣಿನ ಪೊರೆ ತೆಗೆಸಿಕೊಳ್ಳಲು ಬಂದಿದ್ದ ಇವಳ ಅಮ್ಮ, "ಒಂದು ಹನಿ ತಾನೇ, ತಗೊಳ್ಳಿ" ಎಂದು ಕೊಟ್ಟಿದ್ದರು. ಯಾರ ನಂಬರ್ ಯಾವುದೆಂದು ಲ್ಯಾಬಿನವರಿಗೆ ತಿಳಿಯಕೂಡದು ಎಂಬುದು ನಿಯಮ. ಆದರೆ ಅಮ್ಮನ ಆಪರೇಷನ್ ದಿನ ಲ್ಯಾಬಿಗೆ ಬಂದದ್ದು ಒಂದೇ ಹನಿ, ಅದರ ನಂಬರ್ ನಲವತ್ತೊಂದು. ನಿಯಮಕ್ಕೇನು, ಅದಕ್ಕೆ ಅಮ್ಮ ಇಲ್ಲ.

ಏಳು ತಿಂಗಳಾದ ಮೇಲೆ ಫಲಿತಾಂಶ ಬಂತು. ಚೆನ್ನಾಗಿರುವವರ ಸಾಲಿನಲ್ಲಿ ನಲವತ್ತೊಂದು ಮಾತ್ರ ಕಾಯಿಲೆಯವರಷ್ಟೇ ಮೇಲೇರಿ ಕುಳಿತಿತ್ತು. ಅವಳು ಆ ನಂಬರನ್ನು ಎರಡೆರಡು ಸಲ ಓದಿದಳು.

"ಟ್ಯೂಬ್ ಕೆಟ್ಟಿರಬೇಕು. ಬಿಟ್ಟುಬಿಡಿ," ಎಂದರು ದೊಡ್ಡ ಡಾಕ್ಟರು.

"ನನ್ನ ಫ್ರೀಜರಲ್ಲಿ ಯಾವ್ದೂ ಕೆಡಲ್ಲ ಸರ್. ಇನ್ನೊಂದ್ಸಲ ನೋಡೋಣ."

ಇನ್ನೊಂದು ಸಲವೂ ಅದೇ ಬಂತು.

"ಆ ರೋಗೀನ ಕರೆಸಿ ನೋಡಬಹುದಲ್ಲ ಸರ್?"

"ಪರೀಕ್ಷೇನೇ ಇನ್ನೂ ಸಾಬೀತಾಗಿಲ್ಲ. ಇದನ್ನ ನಂಬಿ ಯಾರನ್ನಾದ್ರೂ ಹೆದರ್ಸೋಕಾಗುತ್ತಾ?" ಎಂದು ಅವರು ಪಟ್ಟಿಯಲ್ಲಿದ್ದ ನಲವತ್ತೊಂದರ ಮೇಲೆ ಕೆಂಪು ಗೀಟು ಎಳೆದರು.

ಅವರ ಮಾತು ತಪ್ಪಲ್ಲ, ಅದಕ್ಕೇ ಅವಳಿಗೆ ಇನ್ನಷ್ಟು ಉರಿ. ತಪ್ಪಾಗಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ಅದು ನನ್ನಮ್ಮ ಎಂದು ಬಾಯಿಬಿಟ್ಟರೆ ನಿಯಮ ಮುರಿದಂತೆ, ಕೆಲಸಕ್ಕೇ ಕುತ್ತು. ಹಲ್ಲು ಕಚ್ಚಿಕೊಂಡು ಮನೆಗೆ ಬಂದಳು.

ಅಮ್ಮ ಕಿಟಕಿಯ ಪಕ್ಕ ಹೊಲಿಗೆ ಯಂತ್ರದ ಮುಂದೆ ಕೂತಿದ್ದರು. ನಲವತ್ತು ವರ್ಷ ಊರಿಗೆಲ್ಲ ಹೊಲಿದುಕೊಟ್ಟ ಕೈ. ಮೊನ್ನೆ ಇವಳ ಬಿಳಿ ಕೋಟಿನ ಅಂಚನ್ನು ಅಂಕುಡೊಂಕಾಗಿ ಹೊಲಿದಿದ್ದಾಗ, "ನಿದ್ದೆಗಣ್ಣಲ್ಲಿ ಹೊಲಿದ್ಯಾ?" ಎಂದು ಇವಳು ನಕ್ಕಿದ್ದಳು. ಅದು ಈಗ ನೆನಪಾಗಿ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳಬೇಕೆನಿಸಿತು. ಚೌಕಗಳ ಗೆರೆಯಿದ್ದ ಹಾಳೆಯೊಂದನ್ನು ಅಮ್ಮನ ಮುಂದೆ ಹಿಡಿದಳು.

"ಬಲಗಣ್ಣು ಮುಚ್ಕೊಂಡು ನೋಡಮ್ಮ. ಗೆರೆ ನೆಟ್ಟಗಿದ್ಯಾ?"

"ಎಲ್ಲಿ ನೆಟ್ಟಗೆ? ಡೊಂಕಾಗಿ ಮೂರು ತಿಂಗಳಾಯ್ತು," ಎಂದರು ಅಮ್ಮ, ದಾರ ಮುಗಿಯಿತು ಎನ್ನುವಷ್ಟು ಸಲೀಸಾಗಿ.

"ಮೂರು ತಿಂಗಳು! ಬಾಯಿಗೆ ಬೀಗ ಹಾಕ್ಕೊಂಡಿದ್ಯಾ?"

"ಆಪರೇಷನ್ ಮಾಡಿದ್ದು ನಿಮ್ಮವರೇ ತಾನೇ? ಕಣ್ಣು ಕೆಟ್ಟಿದೆ ಅಂದ್ರೆ ನಿನ್ನ ಕೆಲಸಕ್ಕೆ ಎಲ್ಲಿ ತೊಂದ್ರೆ ಆಗುತ್ತೋ ಅಂತ ಸುಮ್ಮನಿದ್ದೆ ಕಣೇ."

ಅವಳಿಗೆ ಸಿಟ್ಟೂ ಅಳುವೂ ಒಟ್ಟಿಗೇ ಬಂದವು. ತಾನು ಅಲ್ಲಿ ಬಾಯಿಮುಚ್ಚಿಕೊಂಡು ಬಂದದ್ದೂ ಅದೇ ಹಾಳು ಕೆಲಸಕ್ಕಾಗಿ. ಅಮ್ಮನ ಕೈಗೆ ಪೆನ್ಸಿಲ್ ಕೊಟ್ಟು ಡೊಂಕಿರುವ ಕಡೆಯೆಲ್ಲ ಗುರುತು ಹಾಕಿಸಿದಳು.

ಮರುದಿನ ಬೆಳಿಗ್ಗೆ ಆ ಹಾಳೆಯನ್ನು ದೊಡ್ಡ ಡಾಕ್ಟರ ಪಟ್ಟಿಯ ಮೇಲೆ, ಸರಿಯಾಗಿ ಕೆಂಪು ಗೀಟಿನ ಮೇಲೇ ಇಟ್ಟಳು.

"ಏನಿದು?"

"ನಲವತ್ತೊಂದು ಸರ್. ಹೊರಗೆ ಬೆಂಚಿನ ಮೇಲೆ ಕೂತಿದ್ದಾರೆ. ನನ್ನಮ್ಮ."