ಅಮ್ಮನ ಕೈಯ ಮಡಿಲಕ್ಕಿ

ನಮ್ಮ ವಿಜ್ಞಾನದ ಟೀಚರಿಗೆ ಎಡಗಣ್ಣಿನ ಮೇಲೆ ಅರ್ಧ ಹುಬ್ಬು ಮಾತ್ರ ಇತ್ತು. ಹೊಸದಾಗಿ ಕೆಲಸಕ್ಕೆ ಸೇರಿದಾಗ ಸ್ಪಿರಿಟ್ ದೀಪದ ಮೇಲೆ ಬಗ್ಗಿ ಸುಟ್ಟುಕೊಂಡಿದ್ದರಂತೆ. ಹೊಸ ಮಕ್ಕಳಿಗೆ ಮೊದಲ ಪಾಠ ಅದೇ. "ಬೆಂಕಿಗೆ ಹೆದರಬೇಡಿ ಅನ್ನಲ್ಲ. ಎಷ್ಟು ದೂರ ನಿಲ್ಲಬೇಕು ಅಂತ ತಿಳ್ಕೊಂಡು ಹೆದರಿ."

ಪರಮಾಣುವಿನ ಪಾಠ ಬಂದಾಗ, ಪರೀಕ್ಷೆಗೆ ಬೇಡದಿದ್ದರೂ ವಿಕಿರಣದ ಬಗ್ಗೆ ನಿಧಾನವಾಗಿ ಹೇಳುತ್ತಿದ್ದರು. "ವಿಕಿರಣ ಅಂದ್ರೆ ಬಾಂಬು ಅನ್ನೋದೊಂದು ಎಲ್ಲರಿಗೂ ಗೊತ್ತು. ಅಷ್ಟಕ್ಕೇ ನಿಂತ್ರೆ ಮುಂದೆ ಕಷ್ಟ." ನಾವು ಕಿಟಕಿಯಾಚೆ ನೋಡುತ್ತಿದ್ದೆವು.

ನನ್ನ ಸೀಮಂತದ ಹೊತ್ತಿಗೆ ಅಮ್ಮನಿಗೆ ಎದೆಯ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಮುಗಿದಿತ್ತು. ನಮ್ಮ ಕಡೆ ಅದಕ್ಕೆ ಕರೆಂಟ್ ಕೊಡಿಸೋದು ಅನ್ನುತ್ತಾರೆ. ಕುಂದೂರಿನ ಹತ್ತಿರ ಗಂಡನ ಮನೆಯಲ್ಲಿ ಶಾಸ್ತ್ರ. ತವರಿನ ಮಡಿಲಕ್ಕಿಯನ್ನು ಅಮ್ಮನೇ ತುಂಬಬೇಕು. ಅವಳು ಅಕ್ಕಿಯ ಮೊರ ಎತ್ತಿಕೊಂಡಾಗ ನನ್ನ ಗಂಡನ ದೊಡ್ಡಮ್ಮ ಅಡ್ಡ ಬಂದರು. ಆಸ್ಪತ್ರೆಯಲ್ಲಿ ಅಮ್ಮನಿಗೆ ಪರಿಚಯವಾದ ಒಬ್ಬ ಹೆಂಗಸಿಗೆ, ಸ್ವಲ್ಪ ದಿನ ಬಸುರಿಯರ ಹತ್ತಿರ ಹೋಗಬಾರದು ಎಂದು ಡಾಕ್ಟರು ಹೇಳಿದ್ದರು. ಆ ಸುದ್ದಿ ದೊಡ್ಡಮ್ಮನ ಕಿವಿಗೆ ಬಿದ್ದಿತ್ತು.

"ಹೊಟ್ಟೆಲಿರೋ ಮಗೀಗೆ ಏನಾರ ಆದ್ರೆ ಯಾರವ್ವ ಹೊಣೆ? ನೀನು ಆಚೆ ಕೂತ್ಕೊ. ಬೇರೆಯೋರು ತುಂಬ್ತಾರೆ."

ಅಮ್ಮ ಮೊರ ಕೆಳಗಿಟ್ಟು ಜಗಲಿಗೆ ಹೋದಳು. ನನಗೂ ಭಯವಾಗಿತ್ತು.

ನಾನೇ ಕರೆದಿದ್ದ ಟೀಚರ್ ಹೆಂಗಸರ ಸಾಲಿನಿಂದ ಎದ್ದು ಬಂದರು. "ಆ ಹೆಂಗಸಿಗೆ ಮದ್ದು ಕುಡಿಸಿದ್ರಾ, ಮಿಷನ್ ಕೆಳಗೆ ಮಲಗಿಸಿದ್ರಾ?"

"ಗಂಟಲ್ ಕಾಯ್ಲೆ. ಮದ್ದು ನುಂಗ್ಸಿದ್ರಂತೆ," ಎಂದರು ದೊಡ್ಡಮ್ಮ.

"ಹಾಗಾದ್ರೆ ನೀವು ಕೇಳಿದ್ದು ನಿಜ. ಆ ಮದ್ದು ಸ್ವಲ್ಪ ದಿನ ಮೈಯೊಳಗೇ ಇದ್ದು ವಿಕಿರಣ ಬಿಡುತ್ತೆ. ಇವರಿಗೆ ಕೊಟ್ಟಿದ್ದು ಹೊರಗಿನ ಮಿಷನ್ನಿಂದ. ಒಳಗೇನೂ ಉಳಿಯಲ್ಲ. ಕಣದಲ್ಲಿ ಬಿಸಿಲಿಗೆ ಒಣಗಿದ ಕಾಫಿ, ಸ್ಟೋರಿಗೆ ಹಾಕಿದ್ಮೇಲೆ ಬೆಳಕು ಬಿಡುತ್ತಾ?"

"ಬೆಳಕು ಬುಡಾಕಿಲ್ಲ. ಬಿಸಿ ಇರ್ತದಲ್ಲ ಟೀಚರಮ್ಮ. ಮೂಟೆಗೆ ಕೈ ಹಾಕಿ ನೋಡಿಲ್ಲ ಅಂತ ಕಾಣ್ತದೆ ನೀವು."

ಯಾರೋ ಕಿಸಕ್ಕನೆ ನಕ್ಕರು. ಟೀಚರ್ ಮುಖ ಸಣ್ಣದು ಮಾಡಿಕೊಳ್ಳಲಿಲ್ಲ. "ಹೌದು, ಆ ಹೋಲಿಕೆ ಸರಿಹೋಗಲ್ಲ. ಮಂಡಿಗೆ ಎಕ್ಸ್‌ರೇ ತೆಗೆಸಿದೆ ಅಂತ ಆಗ್ಲೇ ಹೇಳ್ತಿದ್ರಲ್ಲ, ಆಮೇಲೆ ಮೊಮ್ಮಕ್ಕಳನ್ನ ತೊಡೆ ಮೇಲೆ ಕೂರಿಸ್ಕೊಳ್ಲಿಲ್ವಾ? ಇದೂ ಅದೇ ಜಾತಿ, ಜೋರು ಜಾಸ್ತಿ. ಮಿಷನ್ ನಿಂತ್ರೆ ಮುಗೀತು. ನಾನೂ ಡಾಕ್ಟರಲ್ಲ. ಬನ್ನಿ, ಆಸ್ಪತ್ರೆಯೋರನ್ನೇ ಕೇಳೋಣ. ನೀವೇ ಮಾತಾಡಿ."

ಸಿಗ್ನಲ್ ಸಿಗುವುದು ಕಣದ ಮೂಲೆಯಲ್ಲಿ ಮಾತ್ರ. ಇಬ್ಬರೂ ಅಲ್ಲಿಗೆ ಹೋದರು. ರಾಹುಕಾಲ ಬಂತು ಎಂದು ಐನೋರು ಗೊಣಗಿದರು. ನಾನು ಕುರ್ಚಿಯಲ್ಲಿ ಕುಳಿತೇ ಇದ್ದೆ. ಜಗಲಿಯಲ್ಲಿ ಅಮ್ಮನ ಬೆನ್ನು ಕಾಣುತ್ತಿತ್ತು. ಅವಳು ಒಮ್ಮೆಯೂ ತಿರುಗಲಿಲ್ಲ.

ದೊಡ್ಡಮ್ಮ ಮೊದಲು ಬಂದರು. ಯಾರ ಮುಖವನ್ನೂ ನೋಡದೆ ಮೊರ ಎತ್ತಿಕೊಂಡು ಹೋಗಿ ಅಮ್ಮನ ಕೈಗೆ ಕೊಟ್ಟರು. "ಏಳವ್ವ, ಹೊತ್ತಾಯ್ತದೆ."

ಅದಾಗಿ ಎಷ್ಟೋ ವರ್ಷವಾಯಿತು. ಟೀಚರ್ ತೀರಿಕೊಂಡು ಇನ್ನೂ ತಿಂಗಳಾಗಿಲ್ಲ. ಸಾವಿನ ಮನೆಯಲ್ಲಿ ದೊಡ್ಡಮ್ಮ ನನ್ನ ಪಕ್ಕ ಕುಳಿತು, "ಅಷ್ಟು ಜನದ ಎದುರು ನಂಗೆ ಪೆದ್ದಿ ಅನ್ನಬೋದಿತ್ತು. ಅನ್ನಲಿಲ್ಲ ಕಣೆ ಆಯಮ್ಮ," ಎಂದರು.

ಮಗಳಿಗೆ ಹಲ್ಲು ಬರುವ ಹೊತ್ತಿಗೇ ಅಮ್ಮ ಹೋಗಿಬಿಟ್ಟಿದ್ದಳು. ಆದರೆ ಅಲ್ಲಿಯವರೆಗೂ ದಿನಾ ಕಾಲು ಚಾಚಿ ಕುಳಿತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕಿ ಮೀಯಿಸಿದವಳು ಅವಳೇ. ಯಾರೂ ಬೇಡ ಅನ್ನಲಿಲ್ಲ. ಮಗಳಿಗೆ ಅಜ್ಜಿಯ ಮುಖ ನೆನಪಿಲ್ಲ. ಅವಳ ಮೈಗೆ ಅಜ್ಜಿಯ ಕೈ ಸೋಕಿದೆ. ಅಷ್ಟು ನಮಗೆ ಸಿಕ್ಕಿದ್ದು ಟೀಚರಿಂದ.