ರಾಯಪ್ಪಣ್ಣ ಕುಡಿದ ಅಂಬಲಿ

ಅವು ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳು. ಎರಡನೇ ಮಹಾಯುದ್ಧ ಆಗಷ್ಟೇ ಮುಗಿದಿತ್ತು. ನನಗೆ ಹತ್ತೋ ಹನ್ನೊಂದೋ ವಯಸ್ಸು. ರಾಯಚೂರಿನ ಅಂಚಿಗಿದ್ದ ನಮ್ಮ ಕೇರಿಯಲ್ಲಿ ಆ ಬೇಸಿಗೆ ಮನೆಗೊಬ್ಬರಿಗೆ ನಾರುಹುಣ್ಣು. ಈಗಿನವರು ಅದನ್ನು ಕಂಡಿಲ್ಲ, ಕಾಣದಿರುವುದೇ ಪುಣ್ಯ. ಮೆಟ್ಟಿಲು ಬಾವಿಯ ನೀರಿನ ಜೊತೆ ಹೊಟ್ಟೆಗೆ ಹೋದ ಹುಳು ವರ್ಷದ ಮೇಲೆ ಕಾಲಿನಲ್ಲಿ ಬೊಬ್ಬೆ ಎಬ್ಬಿಸಿ, ಬಿಳಿ ದಾರದಂತೆ ಹೊರಗೆ ಇಣುಕುತ್ತದೆ. ಅದನ್ನು ಸಣ್ಣ ಕಡ್ಡಿಗೆ ಸುತ್ತಿ ದಿನಾ ಸ್ವಲ್ಪ ಸ್ವಲ್ಪವೇ ಎಳೆಯಬೇಕು. ಅವಸರ ಮಾಡಿದರೆ ಹುಳು ತುಂಡಾಗಿ ಕಾಲೆಲ್ಲ ಬಾತು ಕೀವು ತುಂಬುತ್ತದೆ. ನಮ್ಮ ಓಣಿಯ ಹೆಂಗಸೊಬ್ಬಳಿಗೆ ಹಾಗೇ ಆಗಿ, ಆಮೇಲೆ ಅವಳ ಮೊಣಕಾಲು ಮಡಚಲೇ ಇಲ್ಲ.

ನನಗೆ ಬಲಗಾಲಿನ ಹಿಮ್ಮಡಿಯ ಮೇಲೆ ಎದ್ದಿತ್ತು. ಅಪ್ಪ ತೀರಿಹೋಗಿದ್ದ. ಅವ್ವ ಹುಲಿಗೆವ್ವ ಕೂಲಿಗೆ ಹೋದರೆ ಮಾತ್ರ ಮನೆಯಲ್ಲಿ ಒಲೆ ಉರಿಯುತ್ತಿತ್ತು. ನನ್ನನ್ನು ಬಾಗಿಲ ಹತ್ತಿರ ಮಲಗಿಸಿ ಹೊರಟುಬಿಡುತ್ತಿದ್ದಳು.

ಸಂಜೆ ಹೊತ್ತಿಗೆ ಮಿಶನ್ ಶಾಲೆಯ ಇಬ್ಬರು ವಿದ್ಯಾರ್ಥಿಗಳು ಬರುತ್ತಿದ್ದರು. ದೊಡ್ಡವನು ರಾಯಪ್ಪ, ಮುದಗಲ್ಲಿನ ಕಡೆಯವನು, ಮೀಸೆ ಆಗಷ್ಟೇ ಚಿಗುರುತ್ತಿತ್ತು. ಚಿಕ್ಕವನು ಜೋಜಪ್ಪ, ಬಾಯಿಬಡುಕ. ನಾರು ಸುತ್ತುವುದನ್ನು ಮಿಶನ್ ದವಾಖಾನೆಯ ಸಿಸ್ಟರ್ ಅವರಿಗೆ ಕಲಿಸಿದ್ದರು. ರಾಯಪ್ಪಣ್ಣ ಹುಣ್ಣನ್ನು ಬೆಚ್ಚಗಿನ ನೀರಿನಲ್ಲಿ ತೊಳೆದು, ಉಸಿರು ಬಿಗಿಹಿಡಿದು ಕಡ್ಡಿ ತಿರುಗಿಸುತ್ತಿದ್ದ. ಜೋಜಪ್ಪ ಕೊಡಕ್ಕೆ ಬಟ್ಟೆ ಕಟ್ಟಿ ನೀರು ಸೋಸಿಡುತ್ತಾ, ನನಗೆ ನೋವು ಗೊತ್ತಾಗದ ಹಾಗೆ ಏನೇನೋ ಹರಟುತ್ತಿದ್ದ. ಶುಕ್ರವಾರ ಮಾತ್ರ ಮಧ್ಯಾಹ್ನವೇ ಬಂದು ಒಂದು ಬಟ್ಟೆಯಲ್ಲಿ ಜೋಳದ ರೊಟ್ಟಿ ಕಟ್ಟಿ ತರುತ್ತಿದ್ದರು.

ಒಂದು ಶುಕ್ರವಾರ ಕೂಲಿ ಸಿಗದೆ ಅವ್ವ ಮನೆಯಲ್ಲೇ ಇದ್ದಳು. ಬಿಸಿಲಲ್ಲಿ ಬಂದ ಹುಡುಗರನ್ನು ನೋಡಿ ಹಿಗ್ಗಿದಳು. ರೊಟ್ಟಿ ತೆಗೆದುಕೊಂಡು, ಬಟ್ಟಲ ತುಂಬ ಅಂಬಲಿ ತಂದಳು.

“ಬಿಸಲಾಗ ಬಂದೀರಿ, ಕುಡೀರಿ ಯಪ್ಪಾ.”

“ಬ್ಯಾಡ್ರಿ ಯವ್ವಾ,” ಅಂದ ರಾಯಪ್ಪಣ್ಣ.

“ಒಂದ ಗುಟುಕರ?”

“ತಪ್ಪ ತಿಳೀಬ್ಯಾಡ್ರಿ ಯವ್ವಾ, ಇವತ್ತ ಬ್ಯಾಡ.”

“ಯಾಕ ಬ್ಯಾಡ?”

ಅವನು ನೆಲ ನೋಡಿದ. ಮಾತಿನ ಮಲ್ಲ ಜೋಜಪ್ಪನೂ ಬಾಯಿ ಬಿಡಲಿಲ್ಲ. ಅವ್ವನ ಮುಖ ಕಪ್ಪಿಟ್ಟಿತು. ಬೊಗಸೆಗೆ ಎತ್ತರದಿಂದ ನೀರು ಸುರಿಸಿಕೊಂಡೇ ಬೆಳೆದವಳು ಅವಳು. ಅವಳ ಕೈಯಿಂದ ಮಾತ್ರ ಕೇರಿಯ ಹೊರಗಿನವರು ಯಾರೂ ಒಂದು ತೊಟ್ಟು ತಗೊಂಡವರಲ್ಲ.

“ತಿಳೀತು ಬಿಡ್ರಿ. ನನ್ನ ಮಗಳ ಕಾಲ ಮುಟ್ಟಿದ್ರ ನಿಮಗ ಪುಣ್ಯ ಬರ್ತೈತಿ, ನನ್ನ ಅಂಬಲಿ ಮುಟ್ಟಿದ್ರ ಮೈಲಿಗಿ ಆಕೈತಿ. ನಿಮ್ಮ ರೊಟ್ಟಿ ನೀವ ಒಯ್ರಿ. ನಡೀರಿ ಹೊರಗ!”

ಹುಡುಗರು ತಲೆ ತಗ್ಗಿಸಿ ಅಂಗಳ ಇಳಿದರು. ಅವ್ವ ಧೊಪ್ಪನೆ ನನ್ನ ಕಾಲ ಬುಡದಲ್ಲಿ ಕೂತು, “ನಾನ ಸುತ್ತತೀನಿ” ಎಂದು ಕಡ್ಡಿಗೆ ಕೈ ಹಾಕಿದಳು. ಸಿಟ್ಟಿನ ಭರದಲ್ಲಿ ಅದನ್ನು ಬಿರಬಿರನೆ ತಿರುಗಿಸಹೊರಟಳು. ಹುಳು ಇನ್ನೂ ಅರ್ಧ ಒಳಗೇ ಇತ್ತು. ಮಡಚದ ಆ ಮೊಣಕಾಲು ನನ್ನ ಕಣ್ಣ ಮುಂದೆ ಬಂತು. “ಯವ್ವಾ, ಮುಟ್ಟಬ್ಯಾಡ, ಹರೀತೈತಿ!” ಎಂದು ಕಿರುಚಿಕೊಂಡೆ.

ನನ್ನ ಕೂಗು ಓಣಿಯ ತಿರುವಿನವರೆಗೂ ಕೇಳಿಸಿರಬೇಕು. ರಾಯಪ್ಪಣ್ಣ ಓಡಿಬಂದು ಹೊಸ್ತಿಲ ಮೇಲೆ ಕೂತುಬಿಟ್ಟ.

“ಯವ್ವಾ, ಅಂಬಲಿ ಕೊಡ್ರಿ.”

“ಅಣ್ಣಾ, ಇವತ್ತ...” ಎಂದ ಹಿಂದೆಯೇ ಬಂದ ಜೋಜಪ್ಪ.

“ಸುಮ್ಮಿರಲೇ. ನೀನೂ ಕೂಡು.”

ಅವ್ವ ಅನುಮಾನದಿಂದಲೇ ಬಟ್ಟಲು ಚಾಚಿದಳು. ರಾಯಪ್ಪಣ್ಣ ಅದನ್ನು ಮೇಲೆತ್ತಿ ಸುರಿದುಕೊಳ್ಳಲಿಲ್ಲ. ತುಟಿ ಹಚ್ಚಿ ಗಟಗಟನೆ ಕುಡಿದು, ಉಳಿದರ್ಧ ಜೋಜಪ್ಪನಿಗೆ ಕೊಟ್ಟ. ಅವ್ವ ಆ ತುಟಿಗಳನ್ನೇ ನೋಡುತ್ತಿದ್ದಳು. ಆಮೇಲೆ ಎದ್ದು ಅವನಿಗೆ ಜಾಗ ಬಿಟ್ಟಳು. ಅವನು ಕೈ ತೊಳೆದು ಕಡ್ಡಿ ಹಿಡಿದ.

ಎರಡು ದಿನದ ಮೇಲೆ ಅವ್ವ ಹುಡುಗರಿಗೆಂದು ಸೆರಗಿನಲ್ಲಿ ಒಂದಿಷ್ಟು ಶೇಂಗಾ ಕಟ್ಟಿಕೊಂಡು ಮಿಶನ್‌ಗೆ ಹೋಗಿದ್ದಳು. ವಾಪಸ್ಸು ಬಂದವಳು ಗೋಡೆಗೆ ಒರಗಿ ಕೂತಳು. ಅಲ್ಲಿನ ಅಡುಗೆಯ ಅಜ್ಜ ಎಲ್ಲ ಹೇಳಿದ್ದನಂತೆ. ಅದು ಈಸ್ಟರ್ ಹಬ್ಬಕ್ಕೆ ಮುಂಚಿನ ಅವರ ತಪಸ್ಸುಕಾಲ. ಶುಕ್ರವಾರ ಹುಡುಗರು ಮಧ್ಯಾಹ್ನದ ಊಟ ಬಿಟ್ಟು, ತಮ್ಮ ಪಾಲಿನ ರೊಟ್ಟಿಯನ್ನು ಇಲ್ಲದವರಿಗೆ ಒಯ್ಯುತ್ತಿದ್ದರು. ಉಪವಾಸ ಇದ್ದೇವೆಂದು ಯಾರ ಮುಂದೆಯೂ ಹೇಳಿಕೊಳ್ಳಬಾರದು, ಹೇಳಿಕೊಂಡರೆ ಅದು ಉಪವಾಸವೇ ಅಲ್ಲ ಎಂದು ಶಾಲೆಯ ಫಾದರ್ ಅವರಿಗೆ ಕಲಿಸಿದ್ದರು.

“ಹಸದ ಮಕ್ಕಳನ್ನ ಬಾಗಿಲಿಂದ ಅಟ್ಟಿದ್ನೆಲ್ಲೋ ಶಿವನೇ! ಅವರ ವ್ರತಾನೂ ಕೆಡಿಸಿದೆ,” ಎಂದು ಅವ್ವ ಕಣ್ಣು ಒರೆಸಿಕೊಂಡಳು.

ಮುಂದಿನ ಶುಕ್ರವಾರ ಅವ್ವ ಹಟ ಹಿಡಿದು ಕೂಲಿಗೆ ಹೋಗಲಿಲ್ಲ. ಹುಡುಗರು ಬಂದರು. ಕಾಲಿನ ಕೆಲಸ ಮುಗಿಸಿದ ರಾಯಪ್ಪಣ್ಣ, “ಯವ್ವಾ, ಅಂಬಲಿ ಎಲ್ಲೈತ್ರಿ?” ಎಂದ.

“ಇವತ್ತ ಒಲಿನ ಹಚ್ಚಿಲ್ಲ. ನೀವು ಉಪಾಸ ಇದ್ದು ನಿಮ್ಮ ರೊಟ್ಟಿ ನಾವ್ ಉಣ್ಣೂದಾ? ನಮ್ಮದೂ ಉಪಾಸ.”

ಜೋಜಪ್ಪ ತಡೆಯಲಾಗದೆ ಕಿಸಕ್ಕನೆ ನಕ್ಕುಬಿಟ್ಟ. ರಾಯಪ್ಪಣ್ಣ ಹೇಳಿದ: “ಹೋದ ವಾರ ನಡದದ್ದೆಲ್ಲ ಫಾದರ್ ಮುಂದ ಹೇಳಿದೆ ಯವ್ವಾ. ಬೈತಾರ ಅನಕೊಂಡಿದ್ದೆ. ಅವರು, ‘ಹುಲಿಗೆವ್ವನ ಮನ್ಯಾಗ ನಿಮಗ ಉಪಾಸ ಇಲ್ಲ, ಆಕಿ ಕೊಟ್ಟದ್ದು ಉಂಡು ಬರ್ರಿ’ ಅಂದ್ರು.”

ಅವನೇ ಗಂಟು ಬಿಚ್ಚಿ ರೊಟ್ಟಿ ಮುರಿದ. ಅವ್ವ ಒಲೆ ಹಚ್ಚಿ ಅಂಬಲಿ ಕಾಸಿದಳು. ನಾಲ್ವರೂ ಒಂದೇ ಕಡೆ ಕೂತು ಉಂಡೆವು.

ನಾರು ಪೂರ್ತಿ ಹೊರಬಂದು ನನ್ನ ಕಾಲು ಉಳಿಯಿತು. ಶಾಲೆ ಮುಗಿಸಿ ಹೋದ ಅವರಿಬ್ಬರನ್ನು ಮತ್ತೆ ನೋಡಲಾಗಲಿಲ್ಲ. ಕಾಲು ಉಳಿಸಿದ್ದೇ ದೊಡ್ಡ ಉಪಕಾರ ಎಂದು ನನ್ನ ಮಕ್ಕಳು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ನಮ್ಮಂಥವರಿಗೆ ಕೊಡುವವರು ಆಗಲೂ ಅಲ್ಲೊಬ್ಬರು ಇಲ್ಲೊಬ್ಬರು ಇದ್ದರು. ನಮ್ಮವ್ವನ ಕೈಯಿಂದ ತೆಗೆದುಕೊಂಡವರು ಅವರೇ ಮೊದಲು.