ಜೇನು ಯುದ್ಧದ ಫಲಕಕ್ಕೆ ಬಣ್ಣ ಬಳಿಯುವ ವರ್ಲಾ

ಮೆಕ್ಕೆಜೋಳದ ಹೊಲಗಳ ಮೇಲೆ ಇನ್ನೂ ಬೆಳಕು ಹರಿದಿಲ್ಲ. ವರ್ಲಾ ಕ್ಲಿಂಗ್‌ಮನ್ ಹಳೆಯ ಪಿಕಪ್ ಗಾಡಿಯನ್ನು ರಸ್ತೆಬದಿಗೆ ನಿಲ್ಲಿಸಿ, ಕಬ್ಬಿಣದ ಫಲಕಕ್ಕೆ ಕಿವಿ ಹಚ್ಚುತ್ತಾರೆ. ಒಳಗೆ ಗುಂಯ್ ಎನ್ನುತ್ತಿದೆ.

"ಇದ್ದಾವೆ, ಎಲ್ಲವೂ ಇದ್ದಾವೆ," ಎನ್ನುವಾಗ ಅವರ ಮುಖದಲ್ಲಿ ಸಮಾಧಾನ.

ಅಮೆರಿಕದ ಮಿಸೂರಿ ರಾಜ್ಯದ ಉತ್ತರದಂಚಿನಲ್ಲಿರುವ ಈ ಜಿಲ್ಲೆಯ ಚರಿತ್ರೆಯ ಫಲಕಗಳಿಗೆಲ್ಲ ವರ್ಲಾ ಅವರದೇ ಕೈ. ತುಕ್ಕು ಉಜ್ಜಿ, ನೀಲಿ ಹೊಡೆದು, ಉಬ್ಬಕ್ಷರಗಳಿಗೆ ಸಣ್ಣ ಕುಂಚದಲ್ಲಿ ಬಿಳಿ ತುಂಬುತ್ತಾರೆ. ಪ್ರತಿ ಪದವನ್ನೂ ಗಟ್ಟಿಯಾಗಿ ಓದುತ್ತಲೇ ಬಳಿಯುವುದು ಅವರ ಕ್ರಮ. "ನಾಲಿಗೆ ತಡವರಿಸಿತು ಅಂದ್ರೆ ಅಲ್ಲಿ ಬಣ್ಣ ತಪ್ಪಿದೆ ಅಂತ ಲೆಕ್ಕ." ಮೊದಲೆಲ್ಲ ದಿನಕ್ಕೊಂದು ಫಲಕ ಮುಗಿಯುತ್ತಿತ್ತು. ಈಗ ಮಂಡಿ ಕೇಳುವುದಿಲ್ಲ, ಎರಡು ದಿನ ಹಿಡಿಯುತ್ತದೆ.

ಹೀಗೆ ಓದಿ ಓದಿ ಅವರಿಗೆ ದೇಶದ ವಿಚಿತ್ರಗಳ ಹುಚ್ಚು ಹತ್ತಿದೆ. "ನಮ್ಮ ರಾಜ್ಯದ ಆ ಕೆಳಗಿನ ಮೂಲೇಲಿ ಒಂದು ಜಿಲ್ಲೆ ಇದೆ. ಪ್ರವಾಸದ ನಕ್ಷೇಲಿ ನಮ್ಮೂರುಗಳನ್ನ ಬಿಟ್ರು ಅಂತ ಕೋಪ ಮಾಡ್ಕೊಂಡು, ನಿಮ್ಮ ಸಹವಾಸವೇ ಬೇಡ, ಬೇರೆಯಾಗ್ತೀವಿ ಅಂದ್ಬಿಟ್ರು. 1961ರಲ್ಲಿ! ಬಂದೋರಿಗೆ ವೀಸಾ ಬೇರೆ ಕೊಟ್ರಂತೆ. ಒಹಾಯೋದವರ ಕಥೆ ಇನ್ನೂ ಚೆಂದ. ನೂರೈವತ್ತು ವರ್ಷ ರಾಜ್ಯವಾಗಿ ಮೆರೆದ ಮೇಲೆ ನೋಡ್ತಾರೆ, ದೇಶಕ್ಕೆ ಸೇರಿಸ್ಕೊಂಡಿದ್ದಕ್ಕೆ ಸರಿಯಾದ ನಿರ್ಣಯವೇ ಆಗಿಲ್ಲ!"

ಆದರೆ ಅವರ ಜೀವ ಇರುವುದು ಈ ಫಲಕದಲ್ಲಿ. 1839ರಲ್ಲಿ ಮಿಸೂರಿಗೂ ಆಗಿನ್ನೂ ರಾಜ್ಯವಾಗಿರದ ಅಯೋವಾಕ್ಕೂ ಗಡಿಜಗಳ ಹತ್ತಿತು, ಅದೇ ಜೇನು ಯುದ್ಧ. ತೆರಿಗೆ ಕೊಡದ ಗಡಿಯವರ ಜೇನು ತುಂಬಿದ ಮೂರು ಮರಗಳನ್ನು ತೆರಿಗೆಗೆ ಬದಲಾಗಿ ಮಿಸೂರಿಯವರು ಕಡಿದರು ಎಂಬುದು ಹೇಳಿಕೆ. ಎರಡೂ ಕಡೆ ಸೈನ್ಯ ಜಮಾಯಿಸಿತು. ಒಬ್ಬ ಆಯುಧವಿಲ್ಲದೆ, ಕರುಳಿಗೆ ಮಾಂಸ ತುಂಬಿ ಸಾಸೇಜ್ ಮಾಡುವ ಯಂತ್ರವನ್ನೇ ಹೊತ್ತು ಬಂದನಂತೆ. ಯಾರೂ ಸಾಯಲಿಲ್ಲ. ಈಗ ವರ್ಷಕ್ಕೊಮ್ಮೆ ಎರಡೂ ಕಡೆಯವರು ಫಲಕದ ಕೆಳಗೆ ಬಿಸ್ಕಿಟ್ಟು, ಜೇನಿನ ತಿಂಡಿಗೆ ಸೇರುತ್ತಾರೆ. ಮೇಜಿನ ಮೇಲೆ ಎರಡು ಜಾಡಿ. ಆ ಕಡೆಯವರ ಜಾಡಿಗೆ ಈ ಕಡೆಯವರು ಚಮಚ ಹಾಕುವಂತಿಲ್ಲ.

ಈ ಸಲದ ತಿಂಡಿ ನಾಳೆ, ಶನಿವಾರ. ಬೆನ್ನಿಗೆ ಬೆನ್ನು ಕೂಡಿಸಿದ ಫಲಕದ ಎರಡು ಹಲಗೆಗಳ ನಡುವಿನ ಪೊಳ್ಳಿನಲ್ಲಿ ಜೇನುಹುಳುಗಳು ಗೂಡು ಕಟ್ಟಿವೆ. ರಸ್ತೆ ಇಲಾಖೆಯ ಡ್ವೇನ್ ಖಡಾಖಂಡಿತವಾಗಿ ಹೇಳಿದ್ದಾನೆ: "ಮಿಸ್ ವರ್ಲಾ, ಮಕ್ಕಳು ಬರ್ತಾರೆ. ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಬಂದು ಹುಳ ಸಾಯೋ ಔಷಧಿ ಹೊಡೀತೀನಿ."

ಅದಕ್ಕೇ ವರ್ಲಾ ಗಡಿಯಾಚೆಯ ಜೇನುಸಾಕಣೆಯ ಓರಿನ್ ಹಾಲ್ವರ್ಸನ್‌ನನ್ನು ಕರೆಸಿದ್ದಾರೆ. ಆತ ಪೆಟ್ಟಿಗೆ ಇಳಿಸುತ್ತಲೇ ಕೆಣಕುತ್ತಾನೆ: "ಮರ ಕಡಿಯೋಕೆ ನೀವು, ಹುಳ ಕಾಪಾಡೋಕೆ ನಾವಾ?"

"ಬಾಯಿ ಮುಚ್ಕೊಂಡು ಹೊಗೆ ಹಾಕೋ ಮಾರಾಯ. ಬಿಸಿಲು ಬಂದ್ರೆ ಎಲ್ಲ ಹಾರಿಹೋಗ್ತಾವೆ."

ಜೇನು ಕಡಿದರೆ ವರ್ಲಾ ಅವರಿಗೆ ಉಸಿರು ಕಟ್ಟುತ್ತದೆ, ಜೇಬಿನಲ್ಲಿ ಚುಚ್ಚುಮದ್ದಿದೆ. ಆದರೂ ಸ್ಕ್ರೂ ಬಿಚ್ಚುವುದನ್ನು ಬೇರೆಯವರಿಗೆ ಬಿಡುವುದಿಲ್ಲ. "ತುಕ್ಕು ಹಿಡಿದಿರೋದು ಯಾವುದು ಅಂತ ನನಗೇ ಗೊತ್ತು. ಇವನು ತಿರುಚಿದ್ರೆ ಹಲಗೆ ಬಿರುಕು ಬಿಡುತ್ತೆ." ಹಲಗೆ ಸರಿಯುತ್ತದೆ. ಓರಿನ್ ಜೇನುತಟ್ಟಿಗಳನ್ನು ಒಂದೊಂದಾಗಿ ಬಿಡಿಸಿ ಪೆಟ್ಟಿಗೆಗೆ ಇಳಿಸುತ್ತಾನೆ. ರಾಣಿ ಒಳಹೊಕ್ಕ ಮೇಲೆ ಉಳಿದವು ಹಿಂದೆಯೇ ನಡೆದು ಹೋಗುತ್ತವೆ. ವರ್ಲಾ ಅವರ ತೋಳಿನ ಮೇಲೆ ಕೂತಿದ್ದೊಂದು ಹುಳವೂ ತಡವಾಗಿ ಎದ್ದು ಅತ್ತ ಹಾರುತ್ತದೆ.

ಎಂಟಕ್ಕೆ ಬಂದ ಡ್ವೇನ್ ಖಾಲಿ ಪೊಳ್ಳು ನೋಡಿ, ಔಷಧಿ ಡಬ್ಬಿಯನ್ನು ಗಾಡಿಯಲ್ಲೇ ಬಿಡುತ್ತಾನೆ. ಓರಿನ್ ಪೆಟ್ಟಿಗೆ ಎತ್ತುತ್ತಾನೆ.

"ಎಲ್ಲಿಗೆ? ಅವು ಮಿಸೂರಿಯ ಹುಳ," ಎನ್ನುತ್ತಾರೆ ವರ್ಲಾ.

"ಹಾಗಾದ್ರೆ ನಿನ್ನ ಮನೇಲೇ ಇಟ್ಕೋ."

ಚುಚ್ಚುಮದ್ದಿನ ಜೇಬು ಮುಟ್ಟಿಕೊಂಡು ವರ್ಲಾ ನಕ್ಕುಬಿಡುತ್ತಾರೆ. "ಒಯ್ಯಿ. ಆದರೆ ಬರೋ ವರ್ಷ ಮೇಜಿನ ಮೇಲೆ ಒಂದೇ ಜಾಡಿ ಇರಬೇಕು, ಇವುಗಳದ್ದೇ. ಎಲ್ಲರೂ ಅದರಲ್ಲೇ ಚಮಚ ಅದ್ದಬೇಕು. ನನ್ನಾಸೆ ಅಷ್ಟೇ."

ಗಾಡಿ ಅಯೋವಾದ ಕಡೆ ತಿರುಗುತ್ತದೆ. ವರ್ಲಾ ಹಲಗೆಯನ್ನು ಸ್ವಸ್ಥಾನಕ್ಕೆ ಕೂರಿಸಿ, ಬಿಳಿ ಬಣ್ಣದ ಡಬ್ಬಿ ತೆರೆಯುತ್ತಾರೆ. ಮರ ಕಡಿದ ಸಾಲು ಬಂದಾಗ ಓದು ನಿಲ್ಲುತ್ತದೆ.

"ಆವತ್ತು ನಮ್ಮೋರು ಕೊಡಲಿ ತಂದ್ರು," ಎನ್ನುತ್ತಾರೆ ಕುಂಚ ಅದ್ದುತ್ತ. "ನಾನು ಸ್ಕ್ರೂಡ್ರೈವರ್ ತಂದೆ."